ನೀನು ಅತ್ತೆ, ನಾವು ನೋಡಿದೆವು

ಕಳೆದ ವರ್ಷ ಒಂದು ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ಹೋಗಿದ್ದೆ. ಕರಾವಳಿಗೆ ದೊಡ್ಡ ಯೋಜನೆಗಳು ಬೇಕೋ ಬೇಡವೋ ಅನ್ನೋದು ವಿಷಯ. ನನ್ನೂರು ಅಂಕೋಲೆ ತಾಲೂಕಿನ ಭಾವಿಕೇರಿ. ಪಕ್ಕದ ಕೇಣಿಯಲ್ಲಿ ವಾಣಿಜ್ಯ ಬಂದರು ಬರುತ್ತದಂತೆ ಎಂದು ಊರಿಗೆ ಊರೇ ತಲೆಬಿಸಿ ಮಾಡಿಕೊಂಡಿದ್ದ ಹೊತ್ತು ಅದು. ಅಲಗೇರಿ ಕಡೆಯ ವಿಮಾನ ನಿಲ್ದಾಣಕ್ಕೆ ಜಾಗ ಹೋಗುವ ಮಾತು ಅದಕ್ಕೂ ಮೊದಲಿನಿಂದ ಇತ್ತು. ಹಾಗಾಗಿ ನಾನು ತಯಾರಿಯನ್ನೇ ಮಾಡಲಿಲ್ಲ. ನನ್ನೂರಿನ ಸಂಕಟ ಹೇಳೋದಕ್ಕೆ ನನಗೆ ತಯಾರಿ ಬೇರೆ ಬೇಕಾ ಅನ್ನುವ ಧೈರ್ಯ.

ನಾಲ್ಕು ನಿಮಿಷದ ಭಾಷಣ. "ನಮ್ಮ ಬದುಕು ಬೀದಿಗೆ ಬೀಳುತ್ತದೆ", "ಕಡಲಮ್ಮನ ಮಡಿಲು", "ಮಣ್ಣಿನ ಋಣ" ಎಲ್ಲವನ್ನೂ ಹೇಳಿದೆ. ಮೂರನೇ ನಿಮಿಷಕ್ಕೆ ಗಂಟಲು ಕಟ್ಟಿತು, ಕಣ್ಣೀರೂ ಬಂತು. ನಾಟಕ ಅಲ್ಲ, ನಿಜಕ್ಕೂ ಬಂತು. ನಮ್ಮ ಕಾಲೇಜಿನವರು ಜೋರಾಗಿ ಚಪ್ಪಾಳೆ ಹೊಡೆದರು. ಬಹುಮಾನ ಬರಲಿಲ್ಲ.

ಆಮೇಲೆ ಚಹಾ ಕುಡಿಯುವಾಗ ತೀರ್ಪುಗಾರರಲ್ಲಿ ಒಬ್ಬರು, ನಿವೃತ್ತ ಕನ್ನಡ ಮೇಷ್ಟ್ರು, ಹತ್ತಿರ ಕರೆದು ಹೇಳಿದರು: "ತಂಗೀ, ಅಲ್ಲಿ ನೀನು ಅತ್ತೆ, ನಾವು ನೋಡಿದೆವು. ನಮಗೆ ಅಳಲಿಕ್ಕೆ ನೀನು ಏನನ್ನೂ ಕೊಡಲಿಲ್ಲ."

ಒಂದು ವಾರ ಸಿಟ್ಟಿತ್ತು. ಸಿಟ್ಟು ಇಳಿದ ಮೇಲೆ ಆ ಮಾತನ್ನು ಬಿಡಿಸಿ ನೋಡತೊಡಗಿದೆ. ಈ ಪಾಠ ಅಲ್ಲಿಂದ ಹುಟ್ಟಿದ್ದು.

ಮೊದಲು ಸ್ವಲ್ಪ ಶಾಸ್ತ್ರ. ಅರಿಸ್ಟಾಟಲ್ ಮನವೊಲಿಸುವ ದಾರಿಗಳನ್ನು ಮೂರು ಮಾಡಿದ: ತರ್ಕ, ಮಾತಾಡುವವನ ಮೇಲಿನ ನಂಬಿಕೆ, ಕೇಳುವವರ ಭಾವ. ಲೋಗೋಸ್, ಈಥೋಸ್, ಪೇಥೋಸ್ ಎಂದು ನಮ್ಮ ಸಾಫ್ಟ್ ಸ್ಕಿಲ್ಸ್ ಕ್ಲಾಸಿನಲ್ಲಿ ಸ್ಲೈಡ್ ಹಾಕಿ ಮುಗಿಸುತ್ತಾರಲ್ಲ, ಅದೇ. ಆ ಸ್ಲೈಡಿನಲ್ಲಿ ಇಲ್ಲದ ಒಂದು ಸಂಗತಿ ಇದೆ. ಯಾವುದೇ ಭಾವವನ್ನು ಎಬ್ಬಿಸಬೇಕಾದರೆ ಮೂರು ಗೊತ್ತಿರಬೇಕು ಅಂತಾನೆ ಆತ. ಸಿಟ್ಟನ್ನೇ ತೆಗೆದುಕೊಳ್ಳಿ. ಜನ ಯಾವ ಮನಃಸ್ಥಿತಿಯಲ್ಲಿದ್ದಾಗ ಸಿಟ್ಟಾಗುತ್ತಾರೆ, ಯಾರ ಮೇಲೆ ಆಗುತ್ತಾರೆ, ಯಾವ ಕಾರಣಕ್ಕೆ ಆಗುತ್ತಾರೆ. ನನ್ನ ಭಾಷಣದಲ್ಲಿ ಈ ಮೂರಕ್ಕೂ ಉತ್ತರ ಇರಲಿಲ್ಲ.

ನಮ್ಮ ಕಡೆಯ ಶಾಸ್ತ್ರ ಇನ್ನೂ ನೇರವಾಗಿದೆ. ಭರತನ ನಾಟ್ಯಶಾಸ್ತ್ರದ ಲೆಕ್ಕದಲ್ಲಿ ಶೋಕ, ಉತ್ಸಾಹ, ಭಯದಂಥ ಸ್ಥಾಯಿಭಾವಗಳು ಮನುಷ್ಯನಲ್ಲಿ ಮೊದಲೇ ಇರುತ್ತವೆ. ಅವನ್ನು ಎಬ್ಬಿಸುವ ಕಾರಣ ವಿಭಾವ. ಎದ್ದ ಮೇಲೆ ಹೊರಗೆ ಕಾಣುವ ಕಣ್ಣೀರು, ನಡುಕ ಇವೆಲ್ಲ ಅನುಭಾವ. (ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಲೈಬ್ರರಿಯಲ್ಲಿದ್ದರೆ ರಸದ ಅಧ್ಯಾಯ ಓದಿ. ಇಂಟರ್ನಲ್ಸ್ ಮುಗಿದ ಮೇಲೆ ಓದಿದರೂ ಸಾಕು.) ಮೇಷ್ಟ್ರು ಹೇಳಿದ್ದು ಇದನ್ನೇ. ನಾನು ವೇದಿಕೆಯ ಮೇಲೆ ಬರೀ ಅನುಭಾವ ತೋರಿಸಿದೆ. ವಿಭಾವ ನನ್ನ ತಲೆಯೊಳಗೇ ಉಳಿದಿತ್ತು. ನನ್ನ ಕಣ್ಣ ಮುಂದೆ ನಮ್ಮೂರ ಗದ್ದೆ, ಕೇಣಿಯ ದಂಡೆ, ಅಜ್ಜಿಯ ಜಗಲಿ ಎಲ್ಲ ಇತ್ತು. ಕೇಳುವವರ ಮುಂದೆ ಇದ್ದದ್ದು ಅಳುವ ಒಬ್ಬ ಹುಡುಗಿ ಮಾತ್ರ.

ನಮ್ಮ ಭಾಷೆಯಲ್ಲೇ ಹೇಳುವುದಾದರೆ ಇದು ರೆಸೊನೆನ್ಸ್. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಸೈನಿಕರು ಹೆಜ್ಜೆ ಹಾಕುತ್ತ ಹೋದಾಗ ಕುಸಿಯಿತು. ಅವರ ತೂಕ ಅಷ್ಟೇನೂ ಹೆಚ್ಚಿರಲಿಲ್ಲ, ಹೆಜ್ಜೆಯ ತಾಳ ಸೇತುವೆಯ ತಾಳಕ್ಕೆ ಕೂಡಿತು. ಸಭೆಗೂ ಅದರದೇ ಒಂದು ತಾಳ ಇರುತ್ತದೆ. ಎಷ್ಟು ಜೋರಾಗಿ ಗುದ್ದಿದೆವು ಅನ್ನುವುದಕ್ಕಿಂತ ಆ ತಾಳ ಸಿಕ್ಕಿತೋ ಇಲ್ಲವೋ ಅನ್ನುವುದು ಮುಖ್ಯ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ನಮ್ಮ ತಾಲೂಕಿನದೇ.

ಮೂವತ್ತು ರೂಪಾಯಿಯ ಉಪ್ಪು

1930ರ ಏಪ್ರಿಲ್ 6ರಂದು ಗಾಂಧಿ ದಂಡಿಯಲ್ಲಿ ಉಪ್ಪು ಎತ್ತಿದರು. ಒಂದು ವಾರಕ್ಕೆ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಸಾವಿರಾರು ಜನ ಸೇರಿದ್ದರು. ತಯಾರಾದ ಉಪ್ಪನ್ನು ಪೊಟ್ಟಣ ಕಟ್ಟಿ ಹರಾಜು ಹಾಕಿದರು. ಮೊದಲ ಪೊಟ್ಟಣವನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೂಗಿ ಕೊಂಡರು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ, ಎಂಜಿನಿಯರಿಂಗ್ ಓದುತ್ತಿರುವುದಕ್ಕೆ ಅಷ್ಟಾದರೂ ಮಾಡಬೇಕಲ್ಲ. ಆಗ ಉಪ್ಪಿನ ಮೇಲಿನ ತೆರಿಗೆ ಒಂದು ಮಣಕ್ಕೆ 1 ರೂಪಾಯಿ 4 ಆಣೆ. ಆ ಮಣ ಅಂದರೆ ಸುಮಾರು 37 ಕಿಲೋ. 30 ರೂಪಾಯಿಯಲ್ಲಿ 24 ಮಣಕ್ಕೆ, ಹೆಚ್ಚುಕಡಿಮೆ 900 ಕಿಲೋ ಉಪ್ಪಿಗೆ, ತೆರಿಗೆ ಕಟ್ಟಬಹುದಿತ್ತು. ಒಂದು ಮನೆಯ ಎಷ್ಟೋ ವರ್ಷಗಳ ಉಪ್ಪು! ಹಾಗಾದರೆ ಅವತ್ತು ಅಲ್ಲಿ ಮಾರಾಟ ಆದದ್ದು ಉಪ್ಪಲ್ಲ ಅನ್ನುವುದು ಸ್ಪಷ್ಟ.

ತೆರಿಗೆಯ ವಿರುದ್ಧ ಹಣದ ತರ್ಕ ಹೂಡಲು ಹೋಗಿದ್ದರೆ ವಾದ ಸೋಲುತ್ತಿತ್ತು, ಯಾಕೆಂದರೆ ತಲೆಗೆ ಬೀಳುತ್ತಿದ್ದದ್ದು ವರ್ಷಕ್ಕೆ ಕೆಲವು ಆಣೆ. ಆದರೆ ಕರಾವಳಿಯವರಿಗೆ ಉಪ್ಪು ಅಂದರೆ ಸಮುದ್ರದ ನೀರು, ಬಿಸಿಲು ಮತ್ತು ಸ್ವಂತ ಮೈಬೆವರು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಇವತ್ತಿಗೂ ಆಗರಗಳಲ್ಲಿ ಉಪ್ಪು ತೆಗೆಯುತ್ತಾರೆ. ಮನೆಯೆದುರಿನ ಕಡಲಿನಿಂದ ಚಿಟಿಕೆ ಉಪ್ಪು ಎತ್ತಿದರೆ ಜೈಲು ಅನ್ನುವುದಿದೆಯಲ್ಲ, ಅದು ಅವಮಾನ. ಆ ಅವಮಾನ ಜನರಲ್ಲಿ ಮೊದಲೇ ಇತ್ತು. ಸತ್ಯಾಗ್ರಹ ಅದಕ್ಕೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವನ್ನು ಕೊಟ್ಟಿತು. ಅದಕ್ಕಿಂತ ಮುಖ್ಯ, ಎದ್ದ ಭಾವಕ್ಕೆ ಅಲ್ಲೇ ಮಾಡಬಹುದಾದ ಕೆಲಸವನ್ನೂ ಕೊಟ್ಟಿತು: ನೀರು ಕಾಯಿಸು, ಉಪ್ಪು ಎತ್ತು, ಹರಾಜು ಕೂಗು. ಭಾವ ಎಬ್ಬಿಸಿ, ಮಾಡಲಿಕ್ಕೆ ಏನೂ ಕೊಡದೆ ಮನೆಗೆ ಕಳಿಸಿದರೆ ಅದು ಬಸ್ ಹತ್ತುವುದರೊಳಗೆ ಆರಿಹೋಗುತ್ತದೆ. ನನ್ನ ಭಾಷಣದ ಗತಿ ಅದೇ ಆಗಿದ್ದು.

ಗಾಂಧಿಯವರು ಅಂಕಿಸಂಖ್ಯೆ ಬಿಟ್ಟವರೇನೂ ಅಲ್ಲ. ದಂಡಿಗೆ ಹೊರಡುವ ಮೊದಲು, 1930ರ ಮಾರ್ಚ್ 2ರಂದು, ವೈಸರಾಯ್ ಇರ್ವಿನ್ನರಿಗೆ ಬರೆದ ಪತ್ರದಲ್ಲಿ ವೈಸರಾಯರ ಸಂಬಳದ ಲೆಕ್ಕ ಇದೆ. ತಿಂಗಳಿಗೆ 21,000 ರೂಪಾಯಿ, ಅಂದರೆ ದಿನಕ್ಕೆ 700ಕ್ಕೂ ಹೆಚ್ಚು. ಭಾರತೀಯನ ಸರಾಸರಿ ಆದಾಯ ದಿನಕ್ಕೆ 2 ಆಣೆಗೂ ಕಡಿಮೆ. ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟರು, ಅಷ್ಟೇ. ಒಂದು ವಿಶೇಷಣ ಬೇಕಾಗಲಿಲ್ಲ. ನಾವು 'ಡೇಟಾ' ಬೇರೆ 'ಎಮೋಶನ್' ಬೇರೆ ಅಂತ ಎರಡು ಡಬ್ಬಿ ಮಾಡಿ ಇಡುತ್ತೇವಲ್ಲ, ಆ ಪತ್ರ ಓದಿದ ಮೇಲೆ ನನಗೆ ಆ ಡಬ್ಬಿಗಳ ಮೇಲೆ ನಂಬಿಕೆ ಹೋಯಿತು.

ಎರಡು ವರ್ಷದ ನಂತರದ ಕರನಿರಾಕರಣೆಯ ಕಾಲದಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಜಮೀನು ಕಳೆದುಕೊಂಡರು. ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಈ ಹೋರಾಟಗಳಿಂದಲೇ ಬಂದದ್ದು. ಮುಟ್ಟುಗೋಲಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯೆದುರು ಸಿದ್ದಾಪುರದ ಕಡೆಯ ಹೆಂಗಸರು ಉಪವಾಸ ಕೂತರು. ಕೊಂಡವನು ದೂರದ ಸರಕಾರವಲ್ಲ, ನೆರೆಯವನು. ಅವನೂ ದಿನಾ ಇವರ ಮುಖ ನೋಡಬೇಕು. ಅವನ ಮನಸ್ಸಿಗೆ ಮುಟ್ಟಿಸಲು ಯಾವ ಭಾಷಣ ಬೇಕಿತ್ತು ಹೇಳಿ?

ಹತ್ತಿರದ ಇನ್ನೊಂದು ಹೆಸರು ಸುಕ್ರಿ ಬೊಮ್ಮಗೌಡ, ಅಂಕೋಲೆಯ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ, 2017ರಲ್ಲಿ ಪದ್ಮಶ್ರೀ ಪಡೆದವರು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರು ಸಾರಾಯಿ ವಿರುದ್ಧ ನಿಂತದ್ದು ತಮ್ಮ ಸಾಕುಮಗನನ್ನು ಕುಡಿತಕ್ಕೆ ಕಳೆದುಕೊಂಡ ಮೇಲೆ. ಆ ಅಜ್ಜಿ ಸಾರಾಯಿ ಬೇಡ ಅಂದಾಗ ಯಾರೂ "ಅಂಕಿಅಂಶ ಕೊಡಿ" ಅನ್ನಲಿಲ್ಲ. ಪೇಥೋಸ್ ಮತ್ತು ಈಥೋಸ್ ಅಲ್ಲಿ ಒಂದೇ ದೇಹದಲ್ಲಿದ್ದವು. ನಮಗೆ, ಇಪ್ಪತ್ತು ವರ್ಷದವರಿಗೆ, ಆ ಸಲುಗೆ ಇಲ್ಲ. ನಾವು ಸಾಮಾನ್ಯವಾಗಿ ಬೇರೆಯವರ ನೋವನ್ನು ಸಾಲ ತಂದು ಮಾತಾಡುವವರು. ಸಾಲದ ನಿಯಮ ಬೇರೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೃಷ್ಣ ಹೇಳಿದ್ದು ಸುಳ್ಳಲ್ಲ, ಆದರೂ

ಇದು ಹತೋಟಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಕಡೆ ತಾಳಮದ್ದಳೆಯಲ್ಲಿ 'ಕರ್ಣಭೇದನ' ಪ್ರಸಂಗ ಇಟ್ಟರೆ ರಾತ್ರಿ ಎಷ್ಟಾದರೂ ಜನ ಏಳುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಇಬ್ಬರು ಅರ್ಥಧಾರಿಗಳು ಪಂಚೆ ಉಟ್ಟು ಎದುರುಬದುರು ಕೂತಿರುತ್ತಾರೆ, ಮಾತು ಮಾತ್ರ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ಒಬ್ಬನೇ ಕರೆದು ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನು ಸೂತನ ಮಗನಲ್ಲ, ಕುಂತಿಯ ಹಿರಿಮಗ. ಪಾಂಡವರು ನಿನ್ನ ತಮ್ಮಂದಿರು. ಬಾ, ಪಟ್ಟ ನಿನ್ನದು.

ಭಾವನಾತ್ಮಕ ಮನವಿ ಅಂದರೆ ಇದಕ್ಕಿಂತ ದೊಡ್ಡದು ಎಲ್ಲಿದೆ? ಜೀವಮಾನವೆಲ್ಲ ಕುಲದ ಅವಮಾನ ನುಂಗಿದವನಿಗೆ ಕುಲ, ತಾಯಿ, ತಮ್ಮಂದಿರು, ರಾಜ್ಯ ಎಲ್ಲ ಒಟ್ಟಿಗೆ. ಕರ್ಣ ಕರಗುತ್ತಾನೆ, ಆದರೆ ಬರುವುದಿಲ್ಲ. ಯಾಕೆಂದರೆ ಕೃಷ್ಣ ಎಬ್ಬಿಸಿದ ಭಾವಕ್ಕಿಂತ ಆಳದಲ್ಲಿ ಇನ್ನೊಂದು ಇತ್ತು: ತನ್ನನ್ನು ಯಾರೂ ಕೇಳದಿದ್ದಾಗ ಕೈಹಿಡಿದ ದುರ್ಯೋಧನನ ಋಣ. ಕೇಳುವವರು ಖಾಲಿ ಪಾತ್ರೆಯಲ್ಲ ಅನ್ನುವುದು ಇಲ್ಲಿಯ ಒಂದು ಪಾಠ.

ಇನ್ನೊಂದು ಪಾಠ ನನಗೆ ಹೆಚ್ಚು ಕಾಡುತ್ತದೆ. ಕೃಷ್ಣ ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಆದರೆ ಆ ಸತ್ಯವನ್ನು ಇಷ್ಟು ವರ್ಷ ಬಿಟ್ಟು, ಯುದ್ಧದ ಹಿಂದಿನ ಗಳಿಗೆಯಲ್ಲೇ ಯಾಕೆ ಹೇಳಿದ? ಪ್ರಸಂಗದ ಹೆಸರಿನಲ್ಲೇ ಉತ್ತರ ಇದೆ. ಸಾಮ, ದಾನ, ಭೇದ, ದಂಡಗಳಲ್ಲಿ ಮೂರನೆಯದು. ಕರ್ಣ ಪಕ್ಷ ಬಿಡಲಿಲ್ಲ ನಿಜ, ಆದರೆ ಆಮೇಲೆ ಅವನು ಯುದ್ಧಕ್ಕೆ ಹೋದದ್ದು ಎದುರಿಗಿರುವವರು ತಮ್ಮಂದಿರೆಂದು ತಿಳಿದು. ಒಳಗೊಳಗೇ ಬಿಲ್ಲು ಸಡಿಲಾಗಿತ್ತು. ಸೋತಂತೆ ಕಂಡ ಮನವಿ ಗೆದ್ದಿತ್ತು. 'ಹೇಳಿದ್ದು ನಿಜ ತಾನೇ?' ಅನ್ನುವ ಸಮರ್ಥನೆ ಸಾಲದು ಅಂತ ನನಗೆ ಅನಿಸಿದ್ದು ಇಲ್ಲಿಯೇ. ಯಾವಾಗ ಹೇಳಿದೆ, ಯಾರ ಲಾಭಕ್ಕೆ ಹೇಳಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಸುಳ್ಳೇ ಆಗಿದ್ದರಂತೂ ಕೇಳುವುದೇ ಬೇಡ. 1990ರ ಅಕ್ಟೋಬರಿನಲ್ಲಿ ನಯೀರಾ ಎಂಬ ಹದಿನೈದರ ಹುಡುಗಿ ಅಮೆರಿಕದ ಜನಪ್ರತಿನಿಧಿಗಳ ಮುಂದೆ ಅಳುತ್ತ, ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಯಲ್ಲಿ ಶಿಶುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ನೆಲಕ್ಕೆ ಹಾಕಿದರು ಎಂದು ಸಾಕ್ಷಿ ಹೇಳಿದಳು. ಯುದ್ಧದ ಪರ ವಾದಿಸಿದವರು ಅದನ್ನು ಮತ್ತೆ ಮತ್ತೆ ಎತ್ತಿ ಹೇಳಿದರು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಹಿಂದೆ ಒಂದು ಪ್ರಚಾರ ಸಂಸ್ಥೆ ಇತ್ತು ಅನ್ನುವುದು ಹೊರಬಂದದ್ದು 1992ರಲ್ಲಿ, ಯುದ್ಧ ಮುಗಿದ ಮೇಲೆ.

ಒಬ್ಬರ ಕಥೆಗೆ ಇಷ್ಟು ಬಲ ಯಾಕೆ? ಡೆಬೊರಾ ಸ್ಮಾಲ್, ಜಾರ್ಜ್ ಲೋವನ್‌ಸ್ಟೈನ್, ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 5 ಡಾಲರ್ ಕೈಯಲ್ಲಿದ್ದವರನ್ನು ದಾನ ಕೇಳಿದರು. ಆಫ್ರಿಕದ ಹಸಿವಿನ ಅಂಕಿ ಮಾತ್ರ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಒಬ್ಬ ಬಾಲಕಿಯ ಕಥೆ ಓದಿದವರು 2.38. ಕಥೆ, ಅಂಕಿ ಎರಡನ್ನೂ ಓದಿದವರು? 1.43. ಅಂಕಿ ಸೇರಿದ ಕೂಡಲೇ ಮನಸ್ಸು ತಣ್ಣಗಾಯಿತು. ಹಾಗಾದರೆ ಬರೀ ಕಥೆ ಹೇಳಿ ಮುಗಿಸೋಣ ಅನಿಸುತ್ತದೆ. ಹ್ಯಾಕಥಾನ್ ಪಿಚ್‌ಗಳಲ್ಲಿ ಇತ್ತೀಚೆಗೆ ಎಲ್ಲರೂ ಅದನ್ನೇ ಮಾಡುವುದು, ಮೊದಲ ಸ್ಲೈಡಿನಲ್ಲಿ ಒಬ್ಬ 'ರಾಮಣ್ಣ' ಇಲ್ಲದ ಕೃಷಿ ಆ್ಯಪ್ ನೋಡಿದ್ದೀರಾ? ಕಾಣಿಕೆ ಡಬ್ಬಿ ಎದುರಿಗಿದ್ದರೆ ಅದು ಸಾಕಾಗಬಹುದು. ಆದರೆ ಎಲ್ಲ ಸಭೆಯೂ ಕಾಣಿಕೆ ಡಬ್ಬಿಯಲ್ಲ.

ನಡವಳಿಯಲ್ಲಿ ಉಳಿಯುವುದು

2025ರ ಆಗಸ್ಟಿನಲ್ಲಿ ಕೇಣಿ ಬಂದರಿನ ಬಗ್ಗೆ ಅಂಕೋಲೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಜನ ಕಿಕ್ಕಿರಿದು ಸೇರಿದ್ದರು, ವಿರೋಧ ಜೋರಾಗಿತ್ತು. ಇಂಥ ಸಭೆ ಹೇಗೆ ನಡೆಯಬೇಕು ಅಂತ 2006ರ ಸೆಪ್ಟೆಂಬರ್ 14ರ ಪರಿಸರ ಅಧಿಸೂಚನೆ ಹೇಳುತ್ತದೆ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸಬೇಕು, ಕನಿಷ್ಠ 30 ದಿನ ಮೊದಲೇ ನೋಟಿಸ್ ಕೊಡಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಪೂರ್ತಿ ವಿಡಿಯೋ ಆಗಬೇಕು. ಕೊನೆಗೆ ನಡವಳಿಯ ಸಾರಾಂಶವನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಜನ ಎತ್ತಿದ ವಿಷಯಗಳು, ಅದಕ್ಕೆ ಯೋಜನೆಯವರು ಕೊಟ್ಟ ಉತ್ತರಗಳು ದಾಖಲಾಗಿ ಮೇಲಕ್ಕೆ ಹೋಗುತ್ತವೆ.

ಅಂದರೆ ಅಲ್ಲಿ ಮಾತಾಡುವವರಿಗೆ ಸಭಿಕರು ಎರಡು ಗುಂಪು. ಒಂದು ಎದುರಿಗೆ ಕೂತವರು. ಇನ್ನೊಂದು, ತಿಂಗಳುಗಳ ನಂತರ ದಿಲ್ಲಿಯ ಒಂದು ಮೇಜಿನ ಮೇಲೆ ಆ ಕಡತ ಓದುವ ತಜ್ಞರು. ಮೊದಲಿನವರಿಗೆ ನಮ್ಮ ಗಂಟಲು ಕೇಳುತ್ತದೆ. ಎರಡನೆಯವರಿಗೆ ಕಾಣುವುದು ಗುಮಾಸ್ತರು ಬರೆದ ಒಂದು ಸಾಲು. ಭಾವಿಕೇರಿಯ ನನ್ನ ನಾಲ್ಕು ನಿಮಿಷದ ಕಣ್ಣೀರು ಆ ಕಡತದಲ್ಲಿ ಏನಾಗುತ್ತಿತ್ತು? 'ಯೋಜನೆಗೆ ವಿರೋಧ ವ್ಯಕ್ತಪಡಿಸಿದರು.' ಮುಗೀತು. ಧ್ವನಿ ಹೋದ ಮೇಲೂ ಉಳಿಯುವಂಥದ್ದು ನನ್ನ ಮಾತಿನಲ್ಲಿ ಏನೂ ಇರಲಿಲ್ಲ.

ಎದುರು ಪಕ್ಷ ಭಾವ ಬಳಸುವುದಿಲ್ಲ ಅಂದುಕೊಳ್ಳಬೇಡಿ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲೆಯ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಅವರಿಗೆ ಹೇಳಿದ್ದು 'ದೇಶಕ್ಕಾಗಿ'. ದೇಶಕ್ಕಾಗಿ ಅಂದರೆ ಯಾರು ತಾನೇ ಇಲ್ಲ ಅಂದಾರು? ಪರಿಹಾರಕ್ಕೆ ಮಾತ್ರ ಎಷ್ಟೋ ಜನ ದಶಕಗಟ್ಟಲೆ ಕೋರ್ಟು ಅಲೆದರು. ಈಗಿನ ಮಾತು 'ನಿಮ್ಮ ಮಕ್ಕಳು ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ'. ಇದು ಅಂಕಿಯ ಬಟ್ಟೆ ತೊಟ್ಟ ಭಾವ, ಮತ್ತು ಅದು ಪೂರ್ತಿ ಸುಳ್ಳೂ ಅಲ್ಲ. ನಾನು ಸಿವಿಲ್ ಓದುತ್ತಿರುವವಳು. ಬಂದರು ಆದರೆ ಕೆಲಸ ಸಿಗಬಹುದಾದವರಲ್ಲಿ ನಾನೂ ಒಬ್ಬಳು. ನಮ್ಮ ಅಪ್ಪನಿಗೂ ಅದು ಗೊತ್ತು. ಊಟಕ್ಕೆ ಕೂತಾಗ ಆ ಮಾತು ಬಂದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತೇವೆ.

ಹಾಗಾಗಿ ಭಾಷಣವನ್ನು ಮತ್ತೆ ಬರೆದೆ, ಯಾವ ಸ್ಪರ್ಧೆಗೂ ಅಲ್ಲ. 'ನಮ್ಮ ಬದುಕು' ತೆಗೆದು ಒಬ್ಬ ಹೆಂಗಸನ್ನು ಇಟ್ಟೆ. ನಮ್ಮ ಜಗಲಿಗೆ ಬುಟ್ಟಿ ಹೊತ್ತು ಬರುವ ಮೀನಿನಾಕೆ. ದಂಡೆಯಲ್ಲಿ ಏಂಡಿ ಬಲೆ ಎಳೆದ ಮೀನು ಒಂಬತ್ತು ಗಂಟೆಗೆ ಅಜ್ಜಿಯ ಮುಂದೆ. ಆಕೆಗೆ ದೋಣಿ ಇಲ್ಲ, ಜಾಗದ ಪಹಣಿ ಇಲ್ಲ, ಅಂಗಡಿ ಇಲ್ಲ. 2013ರ ಭೂಸ್ವಾಧೀನ ಕಾಯ್ದೆ 'ಬಾಧಿತ ಕುಟುಂಬ' ಎಂಬುದರಲ್ಲಿ ಮೂರು ವರ್ಷದಿಂದ ನೀರನ್ನೇ ನಂಬಿ ಬದುಕುವ ಮೀನುಗಾರರನ್ನೂ ಸೇರಿಸುತ್ತದೆ. ಹಾಗಾದರೆ ಕೊನೆಗೆ ನನ್ನ ಪ್ರಶ್ನೆ: ಬುಟ್ಟಿ ಹೊರುವ ಹೆಂಗಸರು ಎಷ್ಟು ಜನ ಅಂತ ನಿಮ್ಮ ಸಮೀಕ್ಷೆ ಎಣಿಸಿದೆಯೇ? ಎಣಿಸಿದ್ದರೆ ಸಂಖ್ಯೆ ಎಷ್ಟು? ಇದನ್ನು 'ವಿರೋಧ ವ್ಯಕ್ತಪಡಿಸಿದರು' ಅಂತ ಬರೆದು ಮುಗಿಸಲು ಬರುವುದಿಲ್ಲ. ಪ್ರಶ್ನೆ ಅಂತಲೇ ಬರೆಯಬೇಕು, ಅದರ ಕೆಳಗೆ ಉತ್ತರವನ್ನೋ ಉತ್ತರ ಇಲ್ಲದ್ದನ್ನೋ ಬರೆಯಬೇಕು.

ಫೋನಿನಲ್ಲಿ ಅಜ್ಜಿಗೆ ಓದಿ ಹೇಳಿದೆ. "ಅಡ್ಡಿಲ್ಲ" ಅಂದಳು. ಆಮೇಲೆ, "ಅವಳ ಹತ್ರ ಕೇಳಿದ್ಯಾ?"

"ಏನಂತ?"

"ಅವಳ ಕಥೆ ನೀ ಹೇಳ್ತಿ ಅಂತ."

ಕೇಳಿರಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಅವರಿಗೇ ಓದಿ ಹೇಳಿದೆ. ಬುಟ್ಟಿ ಪಕ್ಕಕ್ಕೆ ಸರಿಸಿ ಪೂರ್ತಿ ಕೇಳಿದರು, ನಕ್ಕರು, ಮೂರು ಕಡೆ ತಿದ್ದಿದರು. ಒಂಬತ್ತು ಗಂಟೆಗಲ್ಲ, ಎಂಟಕ್ಕೇ ಬರುವುದು. ಒಂಬತ್ತಕ್ಕೆ ಬಂದರೆ ಮೀನು ಯಾರು ಕೊಳ್ಳುತ್ತಾರೆ. ಏಂಡಿ ಬಲೆಯ ಮೀನು ಎಲ್ಲ ದಿನ ಇರುವುದಿಲ್ಲ, ಎಷ್ಟೋ ದಿನ ಬೇರೆ ಕಡೆಯಿಂದ ಕೊಂಡು ತರಬೇಕು. ಮತ್ತೆ, "ಪಾಪ ಅಂತ ಬರ್ದಿದ್ದೆ ಅಲ್ಲ, ಅದ್ನ ತೆಗಿ. ನಾ ಎರಡು ಹುಡುಗ್ರನ್ನ ಓದಿಸಿದವಳು."

ತೆಗೆದೆ. ಶನಿವಾರ ಕ್ಲಬ್ಬಿನ ಮಾತಿನ ಅಭ್ಯಾಸಕ್ಕೆ ಬರುವವರು ಮೂರು ನಿಮಿಷದ ಭಾಷಣ ಬರೆದುಕೊಂಡು ಬನ್ನಿ. ಅದರಲ್ಲಿ ಒಬ್ಬ ವ್ಯಕ್ತಿ ಇರಲಿ, ಉತ್ತರ ಬೇಡುವ ಒಂದು ಪ್ರಶ್ನೆ ಇರಲಿ. ಬರುವ ಮೊದಲು ಆ ವ್ಯಕ್ತಿಗೆ ಓದಿ ಹೇಳಿ, ಅವರು ಎಲ್ಲೆಲ್ಲಿ ತಿದ್ದಿದರು ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡು ಬನ್ನಿ.